ಕೋವಿಡ್, ಫ್ಲೂ ಬಂದಾಗ ರಕ್ತ ಹೆಪ್ಪು: ಆಸ್ಪಿರಿನ್, ಹೊಟ್ಟೆಗೆ ಹಾಕುವ ಇಂಜೆಕ್ಷನ್, ಹಳೆ ಮಾತ್ರೆ, ಹೊಸ ಮಾತ್ರೆ – ಯಾರಿಗೆ ಯಾವುದು?

"ಇಪ್ಪತ್ತರದ್ದೇ ಕೊಡಿ ಅಕ್ಕಾ. ಅದು ಜಾಸ್ತಿ ಪವರ್ ಅಲ್ವಾ?"

2021ರ ಜೂನ್. ನಮ್ಮ ಔಷಧಿ ಅಂಗಡಿಯ ಕೌಂಟರ್ ಆಚೆ ನಿಂತಿದ್ದ ಹುಡುಗನ ಕೈಯಲ್ಲಿ ಎರಡು ಚೀಟಿ ಇದ್ದವು. ಒಂದು ಅವನ ಅಮ್ಮನದು. ಕೋವಿಡ್ ಆಗಿ ಹನ್ನೊಂದು ದಿನ ವಾರ್ಡಿನಲ್ಲಿದ್ದು ಹಿಂದಿನ ಸಂಜೆ ಮನೆಗೆ ಬಂದಿದ್ದರು. ರಕ್ತ ಹೆಪ್ಪು ಕಟ್ಟದಂತೆ ನೋಡಿಕೊಳ್ಳುವ ಮಾತ್ರೆ ರಿವರೊಕ್ಸಾಬಾನ್ 10 ಮಿ.ಗ್ರಾಂ., ದಿನಕ್ಕೊಂದು, 30 ದಿನ ಅಂತ ಬರೆದಿತ್ತು. ಇನ್ನೊಂದು ಪಕ್ಕದ ಮನೆಯವರದು. ಅದರಲ್ಲೂ ಅದೇ ಮಾತ್ರೆ, ಆದರೆ 20 ಮಿ.ಗ್ರಾಂ. ಅವರಿಗೆ ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿತ್ತು. ಇವನ ಅಮ್ಮನಿಗೆ ಹೆಪ್ಪು ಇರಲಿಲ್ಲ. ಆಗದಿರಲಿ ಅಂತ ಮಾತ್ರೆ ಕೊಟ್ಟಿದ್ದರು.

ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಅಮ್ಮನಿಗೆ ಒಳ್ಳೆಯದು ಸಿಗಲಿ ಅಂತ ಕೇಳಿದ. ಆದರೆ ಇಪ್ಪತ್ತರದ್ದು ಕೊಟ್ಟಿದ್ದರೆ, ಹೆಪ್ಪೇ ಇಲ್ಲದ ಆ ತಾಯಿಗೆ ರಕ್ತಸ್ರಾವದ ಅಪಾಯವನ್ನು ಸುಮ್ನೆ ಮೈಮೇಲೆ ಎಳೆದಂತಾಗುತ್ತಿತ್ತು.

ಅವತ್ತಿನಿಂದ ಇವತ್ತಿನವರೆಗೂ ಜನ ಇದೇ ಗೊಂದಲ ಹೊತ್ತು ಬರುತ್ತಾರೆ. ಕೋವಿಡ್ ಹೋಗಿ ಫ್ಲೂ ಬಂದರೂ ಪ್ರಶ್ನೆ ಬದಲಾಗಿಲ್ಲ. "ಯಾವ ಮಾತ್ರೆ ಒಳ್ಳೇದು?" ನಾನು ಅವರಿಗೆ ಹೇಳುವುದು ಒಂದೇ. ರಕ್ತ ಹೆಪ್ಪಿನ ಔಷಧಿಯಲ್ಲಿ ಹೆಸರಿಗಿಂತ ಮೊದಲು ನೋಡಬೇಕಾದ್ದು ಡೋಸ್. ಪ್ರತಿ ಔಷಧಿಗೂ ತಡೆಯುವ ಡೋಸ್ ಒಂದಿರುತ್ತದೆ, ಚಿಕಿತ್ಸೆಯ ಡೋಸ್ ಒಂದಿರುತ್ತದೆ. ನಿಮಗೆ ಯಾವುದು ಬೇಕು ಅನ್ನುವುದು ತಿಳಿದರೆ ಅರ್ಧ ದಾರಿ ಮುಗಿಯಿತು.

ಔಷಧಿ ಬರೆಯುವವರು ವೈದ್ಯರೇ. ಅವರ ಮುಂದೆ ಕೂತಾಗ ಏನು ಕೇಳಬೇಕು, ಅವರು ಎರಡು ದಾರಿ ತೋರಿಸಿ "ಯೋಚನೆ ಮಾಡಿ ಹೇಳಿ" ಅಂದರೆ ಹೇಗೆ ಯೋಚಿಸಬೇಕು, ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಜ್ವರಕ್ಕೂ ಹೆಪ್ಪಿಗೂ ಏನು ಸಂಬಂಧ

ಕಾಲುವೆ ಕಟ್ಟಿಕೊಳ್ಳುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ದಂಡೆ ಕೊರೆದಿರಬೇಕು, ನೀರಲ್ಲಿ ಮಣ್ಣು ಜಾಸ್ತಿ ಇರಬೇಕು, ಹರಿವು ನಿಧಾನವಾಗಬೇಕು. ಮೂರೂ ಸೇರಿದರೆ ಹೂಳು ನಿಲ್ಲುತ್ತದೆ. ರಕ್ತನಾಳದಲ್ಲೂ ಹಾಗೇ. ಕೋವಿಡ್‌ನಲ್ಲಿ ರಕ್ತನಾಳದ ಒಳಪದರ ಊದಿಕೊಂಡು, ಅದರ ನುಣುಪು ಹೋಗುತ್ತದೆ. ಉರಿಯೂತದಿಂದ ರಕ್ತದಲ್ಲಿ ಹೆಪ್ಪು ಕಟ್ಟಿಸುವ ಪ್ರೋಟೀನುಗಳು ಹೆಚ್ಚುತ್ತವೆ. ರೋಗಿ ಹಾಸಿಗೆ ಹಿಡಿದರೆ ಕಾಲಿನ ರಕ್ತ ನಿಧಾನವಾಗಿ ಹರಿಯುತ್ತದೆ. ಮೀನಖಂಡದಲ್ಲಿ ಕಟ್ಟಿದ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ.

2020ರ ಮೊದಲ ತಿಂಗಳುಗಳಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ಐಸಿಯುನಲ್ಲಿದ್ದ 184 ಕೋವಿಡ್ ರೋಗಿಗಳನ್ನು ಗಮನಿಸಿದರು. ತಡೆಯುವ ಡೋಸ್ ಕೊಡುತ್ತಿದ್ದರೂ ಶೇ 31ರಷ್ಟು ಜನರಲ್ಲಿ ಹೆಪ್ಪಿನ ತೊಂದರೆ ಕಂಡಿತು. ಸ್ವೀಡನ್‌ನಲ್ಲಿ ಹತ್ತು ಲಕ್ಷಕ್ಕೂ ಜಾಸ್ತಿ ಸೋಂಕಿತರ ದಾಖಲೆ ನೋಡಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲಿನ ಹೆಪ್ಪಿನ ಅಪಾಯ ಮೂರು ತಿಂಗಳವರೆಗೂ ಶ್ವಾಸಕೋಶದ ಹೆಪ್ಪಿನ ಅಪಾಯ ಆರು ತಿಂಗಳವರೆಗೂ ಹೆಚ್ಚಿತ್ತು. ಅದೇ ಅಧ್ಯಯನದಲ್ಲಿ ರಕ್ತಸ್ರಾವದ ಅಪಾಯವೂ ಎರಡು ತಿಂಗಳು ಜಾಸ್ತಿ ಇತ್ತು. ಈ ಎರಡನೇ ಮಾತನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಒಂದೇ ರೋಗದಲ್ಲಿ ಎರಡೂ ಕಡೆ ಅಪಾಯ ಇರುವುದರಿಂದಲೇ ಆಯ್ಕೆ ಕಷ್ಟವಾಗಿರುವುದು.

ಫ್ಲೂ ಕೂಡ ಸಣ್ಣದಲ್ಲ. ಕೆನಡಾದ ಒಂಟಾರಿಯೊದಲ್ಲಿ ನೋಡಿದಾಗ, ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ, ಹೃದಯದ ನಾಳದಲ್ಲಿ ಹೆಪ್ಪು ಕಟ್ಟಿ ಆಗುವ ಹೃದಯಾಘಾತದ ಸಾಧ್ಯತೆ ಸುಮಾರು ಆರು ಪಟ್ಟು ಇತ್ತು.

ಇನ್ನೊಂದು ಮಾತು. "ರಕ್ತ ತೆಳು ಮಾಡೋ ಮಾತ್ರೆ" ಅಂತ ಎಲ್ಲರೂ ಕರೆಯುತ್ತೇವೆ. ನಾನೂ ಹಾಗೇ ಕರೆಯುತ್ತೇನೆ. ನಿಜವಾಗಿ ಇವು ರಕ್ತವನ್ನು ನೀರು ಮಾಡುವುದಿಲ್ಲ. ಹೆಪ್ಪು ಕಟ್ಟುವುದನ್ನು ನಿಧಾನ ಮಾಡುತ್ತವೆ, ಅಷ್ಟೇ. ಇದ್ದ ಹೆಪ್ಪು ಬೆಳೆಯದಂತೆ ಹಿಡಿದಿಡುತ್ತವೆ. ಅದನ್ನು ಕರಗಿಸುವ ಕೆಲಸ ನಮ್ಮ ದೇಹವೇ ವಾರಗಟ್ಟಲೆ ಮಾಡುತ್ತದೆ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು, ರೋಗಿ ಎಲ್ಲಿದ್ದಾರೆ? ಮನೆಯಲ್ಲಿ ಓಡಾಡಿಕೊಂಡಿದ್ದಾರಾ, ವಾರ್ಡಿನಲ್ಲಿ ಆಕ್ಸಿಜನ್ ಮೇಲಿದ್ದಾರಾ, ಐಸಿಯುನಲ್ಲಿದ್ದಾರಾ, ಡಿಸ್ಚಾರ್ಜ್ ಆಗಿದ್ದಾರಾ, ಅಥವಾ ಹೆಪ್ಪು ಈಗಾಗಲೇ ಸಿಕ್ಕಿದೆಯಾ? ಈ ಐದು ಜಾಗಕ್ಕೆ ಐದು ಉತ್ತರ.

ಎರಡನೆಯದು, ರಕ್ತ ಸೋರುವ ಅಪಾಯ. ಹೊಟ್ಟೆ ಹುಣ್ಣು, ಹಿಂದೆ ಮೆದುಳಲ್ಲಿ ರಕ್ತಸ್ರಾವ, ತೀರಾ ವಯಸ್ಸು, ಕುಡಿತ, ಹೆಪ್ಪು ಕಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳು ಕಡಿಮೆ ಇರುವುದು. ನಮ್ಮ ಊರುಗಳಲ್ಲಿ ಇದಕ್ಕೊಂದು ವಿಶೇಷ ಕಾರಣ ಇದೆ. ಮಳೆಗಾಲದಲ್ಲಿ ನೆಗಡಿ ಜ್ವರ, ಫ್ಲೂ ಓಡಾಡುವ ಹೊತ್ತಿಗೇ ಡೆಂಗಿಯೂ ಓಡಾಡುತ್ತದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಜ್ವರ ಯಾವುದು ಅಂತ ಗೊತ್ತಾಗುವ ಮೊದಲೇ ಆಸ್ಪಿರಿನ್ ನುಂಗುವುದು ಬೆಂಕಿಯ ಜೊತೆ ಆಟ.

ಮೂರನೆಯದು ಕಿಡ್ನಿ. ಈ ಔಷಧಿಗಳಲ್ಲಿ ಹಲವು ಮೂತ್ರದ ದಾರಿಯಲ್ಲಿ ಹೊರಹೋಗುತ್ತವೆ. ಕಿಡ್ನಿ ನಿಧಾನವಾದರೆ ಔಷಧಿ ಮೈಯಲ್ಲೇ ಉಳಿದು ಡೋಸ್ ತಾನಾಗೇ ಏರುತ್ತದೆ. ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡದೆ ಯಾರೂ ಶುರು ಮಾಡಬಾರದು.

ಉಳಿದ ಎರಡು: ಈಗಾಗಲೇ ನುಂಗುತ್ತಿರುವ ಬೇರೆ ಮಾತ್ರೆಗಳು, ಮತ್ತು ಪರೀಕ್ಷೆಗೆ ಓಡಾಡುವ ಶಕ್ತಿ, ಅಂದರೆ ದುಡ್ಡು, ದೂರ, ಕರೆದುಕೊಂಡು ಹೋಗುವ ಜನ. ಇದು ವೈದ್ಯಕೀಯ ವಿಷಯ ಅಲ್ಲ ಅಂತ ವೈದ್ಯರ ಹತ್ತಿರ ಹೇಳದೇ ಬರುವವರು ಬಹಳ. ಹೇಳಲೇಬೇಕು.

ಮನೆಯಲ್ಲೇ ಇರುವವರಿಗೆ

ಸೌಮ್ಯ ಜ್ವರ, ಆಕ್ಸಿಜನ್ ಸರಿಯಾಗಿದೆ, ಎದ್ದು ಓಡಾಡುತ್ತೀರಿ. ಇಂಥವರಿಗೆ ನನ್ನ ಮಾತು ಸ್ಪಷ್ಟ. ಹೊಸದಾಗಿ ಯಾವ ರಕ್ತ ತೆಳು ಮಾತ್ರೆಯೂ ಬೇಡ.

ಇದು ಅಂದಾಜಿನ ಮಾತಲ್ಲ. ಅಮೆರಿಕದಲ್ಲಿ ಮನೆಯಲ್ಲಿದ್ದ 657 ಕೋವಿಡ್ ರೋಗಿಗಳನ್ನು ಗುಂಪು ಮಾಡಿ ಆಸ್ಪಿರಿನ್, ಅಪಿಕ್ಸಾಬಾನ್ ಅನ್ನುವ ಹೊಸ ರಕ್ತ ತೆಳು ಮಾತ್ರೆಯ ಎರಡು ಡೋಸ್, ಮತ್ತು ಔಷಧಿಯೇ ಇಲ್ಲದ ಖಾಲಿ ಮಾತ್ರೆ ಹಂಚಿದರು. ಯಾವ ಗುಂಪಿನಲ್ಲೂ ಅನಾಹುತಗಳೇ ಬಹಳ ಕಡಿಮೆ ಇದ್ದವು. ಮುಂದುವರಿಸಿ ಉಪಯೋಗ ಇಲ್ಲ ಅಂತ ಅಧ್ಯಯನವನ್ನು ಮಧ್ಯದಲ್ಲೇ ನಿಲ್ಲಿಸಿದರು.

ಆಸ್ಪಿರಿನ್ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕಂದರೆ ಚೀಟಿ ಇಲ್ಲದೆ ಜನ ಕೇಳುವುದು ಅದನ್ನೇ. ಬ್ರಿಟನ್‌ನ ರಿಕವರಿ ಅಧ್ಯಯನದಲ್ಲಿ ಆಸ್ಪತ್ರೆಯಲ್ಲಿದ್ದ 14,892 ಕೋವಿಡ್ ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 150 ಮಿ.ಗ್ರಾಂ. ಆಸ್ಪಿರಿನ್ ಕೊಟ್ಟರು. ಎರಡೂ ಗುಂಪಿನಲ್ಲಿ ಸಾವು ಶೇ 17. ಸಾವಿರ ಜನಕ್ಕೆ ಕೊಟ್ಟರೆ ಸುಮಾರು ಆರು ಜನರಿಗೆ ಹೆಪ್ಪು ತಪ್ಪಿತು, ಸುಮಾರು ಆರು ಜನರಿಗೆ ದೊಡ್ಡ ರಕ್ತಸ್ರಾವ ಆಯಿತು. ಈ ಕೈಯಲ್ಲಿ ಕೊಟ್ಟದ್ದನ್ನು ಆ ಕೈಯಲ್ಲಿ ಕಿತ್ತುಕೊಂಡಂತೆ.

2025ರಲ್ಲಿ ಹಾಸನದ ಹೃದಯಾಘಾತದ ಸುದ್ದಿಗಳು ಒಂದರ ಹಿಂದೆ ಒಂದು ಬಂದಾಗ ಮೂವತ್ತರ ಹರೆಯದವರೂ "ಒಂದು ಸ್ಟ್ರಿಪ್ ಆಸ್ಪಿರಿನ್ ಕೊಡಿ, ಹಿಂದೆ ಕೋವಿಡ್ ಆಗಿತ್ತು" ಅಂತ ಬಂದರು. ಭಯ ನನಗೂ ಅರ್ಥವಾಗುತ್ತಿತ್ತು. ಆಮೇಲೆ ಸರ್ಕಾರದ ತಜ್ಞರ ಸಮಿತಿ ಹಠಾತ್ ಸಾವುಗಳಿಗೂ ಹಿಂದಿನ ಕೋವಿಡ್‌ಗೂ ಲಸಿಕೆಗೂ ನೇರ ಸಂಬಂಧ ಕಾಣಲಿಲ್ಲ ಎಂದು ವರದಿ ಕೊಟ್ಟಿತು. ಬಿಪಿ, ಶುಗರ್, ಕೊಬ್ಬು ಪರೀಕ್ಷೆ ಮಾಡಿಸಿ, ಸಿಗರೇಟು ಬಿಡಿ ಅಂತ ನಾನು ವಾಪಸ್ ಕಳಿಸಿದೆ.

ಆದರೆ ಸ್ಟೆಂಟ್ ಹಾಕಿಸಿಕೊಂಡು ಮೊದಲಿಂದಲೇ ಆಸ್ಪಿರಿನ್ ನುಂಗುತ್ತಿರುವವರು ಜ್ವರ ಬಂತು ಅಂತ ತಾವಾಗಿ ನಿಲ್ಲಿಸಬಾರದು. ಅವರು ವೈದ್ಯರಿಗೆ ಫೋನ್ ಮಾಡಿ ಕೇಳಲಿ.

ಹೆಪ್ಪು ಕರಗುವಾಗ ರಕ್ತಕ್ಕೆ ಸೇರುವ ಚೂರನ್ನು ಅಳೆಯುವ ಡಿ-ಡೈಮರ್ ಪರೀಕ್ಷೆಯೂ ಮನೆಯಲ್ಲಿರುವವರಿಗೆ ಬೇಡ. ವಯಸ್ಸಾದರೆ, ಬಸುರಾದರೆ, ಯಾವುದೇ ಸೋಂಕು ಬಂದರೆ ಅದು ಏರುತ್ತದೆ. ಒಮ್ಮೆ ಒಬ್ಬರು ಎರಡು ಲ್ಯಾಬಿನ ವರದಿ ಹಿಡಿದು ಬಂದರು. ಒಂದರಲ್ಲಿ 450, ಎರಡು ದಿನ ಬಿಟ್ಟು ಮಾಡಿಸಿದ ಇನ್ನೊಂದರಲ್ಲಿ 900. ಮುಖ ಬಿಳುಚಿಕೊಂಡಿತ್ತು. ಅಂಕಿಯ ಪಕ್ಕದ ಸಣ್ಣ ಅಕ್ಷರ ಓದಿದೆ. ಒಂದರಲ್ಲಿ ಡಿಡಿಯು, ಇನ್ನೊಂದರಲ್ಲಿ ಎಫ್‌ಇಯು. ಎರಡನೆಯ ಅಳತೆ ಮೊದಲನೆಯದರ ಸುಮಾರು ಎರಡರಷ್ಟು ಬರುತ್ತದೆ. ಅಂದರೆ ಏರಿದ್ದು ಏನೂ ಇರಲಿಲ್ಲ.

ಹಾಗಾದರೆ ಮನೆಯಲ್ಲಿ ಏನು ಮಾಡಬೇಕು? ನೀರು, ಗಂಜಿ, ಮಜ್ಜಿಗೆ ಚೆನ್ನಾಗಿ ಕುಡಿಯಿರಿ. ಎಚ್ಚರ ಇರುವಾಗ ಆಗಾಗ ಎದ್ದು ಹಜಾರದಲ್ಲಿ ನಾಲ್ಕು ಹೆಜ್ಜೆ ಹಾಕಿ. ಏಳಲಾಗದಿದ್ದರೆ ಮಲಗಿದಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ.

ಆಸ್ಪತ್ರೆಯಲ್ಲಿ: ಹೊಟ್ಟೆಗೆ ಹಾಕುವ ಇಂಜೆಕ್ಷನ್

ದಾಖಲಾದ ದಿನದಿಂದ ಲೆಕ್ಕ ಬದಲಾಗುತ್ತದೆ. ಇಲ್ಲಿ ಮುಖ್ಯ ಔಷಧಿ ಹೆಪಾರಿನ್. ಇದು ಹಂದಿಯ ಕರುಳಿನಿಂದ ತಯಾರಾಗುವ ಔಷಧಿ, ಪತ್ತೆಯಾಗಿ ನೂರು ವರ್ಷ ದಾಟಿದೆ. ಅದರಲ್ಲಿ ಎರಡು ಬಗೆ. ಸಾದಾ ಹೆಪಾರಿನ್ ಮತ್ತು ಅದರಿಂದ ಬಂದ ಎನೋಕ್ಸಾಪರಿನ್.

ಎನೋಕ್ಸಾಪರಿನ್ ಸಿರಿಂಜಿನಲ್ಲೇ ತುಂಬಿ ಬರುತ್ತದೆ. ತಡೆಯುವ ಡೋಸ್ ಸಾಮಾನ್ಯವಾಗಿ ದಿನಕ್ಕೊಮ್ಮೆ 40 ಮಿ.ಗ್ರಾಂ. ಚಿಕಿತ್ಸೆಯ ಡೋಸ್ ತೂಕದ ಮೇಲೆ: ಕೆ.ಜಿ.ಗೆ 1 ಮಿ.ಗ್ರಾಂ., ದಿನಕ್ಕೆ ಎರಡು ಸಲ. ಅಂದರೆ 60 ಕೆ.ಜಿ.ಯವರಿಗೆ ದಿನಕ್ಕೆ ಒಟ್ಟು 120. ತಡೆಯುವ ಡೋಸಿನ ಮೂರು ಪಟ್ಟು! ಸಿರಿಂಜ್ ನೋಡಲು ಒಂದೇ ಥರ. ಮನೆಯವರು "ಇವತ್ತು ಎಷ್ಟರದ್ದು ಹಾಕಿದರು, ಎಷ್ಟು ಸಲ?" ಅಂತ ಕೇಳಿದರೆ ಸಾಕು, ಯಾವ ಡೋಸ್ ನಡೆಯುತ್ತಿದೆ ಅಂತ ಗೊತ್ತಾಗುತ್ತದೆ.

ಸಾದಾ ಹೆಪಾರಿನ್‌ಗೆ ಚಿಕಿತ್ಸೆಯ ಡೋಸಿನಲ್ಲಿ ಡ್ರಿಪ್ ಹಾಕಿ ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡಬೇಕು. ರಗಳೆ ಜಾಸ್ತಿ. ಆದರೆ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಅದರ ಪ್ರಭಾವ ಹೋಗುತ್ತದೆ. ಪ್ರೋಟಮಿನ್ ಅನ್ನುವ ಪ್ರತಿ-ಔಷಧಿ ಕೊಟ್ಟು ತಕ್ಷಣವೂ ಇಳಿಸಬಹುದು. ಕಿಡ್ನಿ ಕೆಟ್ಟವರಿಗೆ, ಆಪರೇಷನ್ ಆಗಬಹುದಾದವರಿಗೆ ಇದೇ ಸರಿ. ಉಳಿದ ಹೆಚ್ಚಿನವರಿಗೆ ಎನೋಕ್ಸಾಪರಿನ್ ಅನುಕೂಲ. ಎರಡರಲ್ಲೂ ಪ್ಲೇಟ್‌ಲೆಟ್ ಮೇಲೆ ಕಣ್ಣಿರಬೇಕು. ಐದರಿಂದ ಹತ್ತನೇ ದಿನದ ನಡುವೆ ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಇಳಿದು, ವಿಚಿತ್ರ ಅಂದರೆ ಹೆಪ್ಪೂ ಕಟ್ಟುವ ಅಪರೂಪದ ತೊಂದರೆ ಒಂದಿದೆ.

ಈಗ ಜನರನ್ನು ಬಹಳ ತಪ್ಪು ದಾರಿಗೆ ಎಳೆಯುವ ವಿಷಯ. "ಕಾಯಿಲೆ ಜೋರಾಗಿದ್ದರೆ ಡೋಸೂ ಜೋರಾಗಿರಬೇಕು" ಅಂತ ಅನ್ನಿಸುತ್ತದೆ, ಅಲ್ವಾ? 2021ರಲ್ಲಿ ಹಲವು ದೇಶಗಳ ಆಸ್ಪತ್ರೆಗಳು ಸೇರಿ ಇದನ್ನೇ ಪರೀಕ್ಷೆಗೆ ಇಟ್ಟವು. ವಾರ್ಡಿನಲ್ಲಿದ್ದ, ಐಸಿಯು ನೆರವು ಬೇಕಿರದ 2,219 ಜನರಲ್ಲಿ ಚಿಕಿತ್ಸೆಯ ಡೋಸ್ ಉಪಯೋಗಕ್ಕೆ ಬಂತು. ವೆಂಟಿಲೇಟರಿನಂಥ ನೆರವೇ ಇಲ್ಲದೆ ಬದುಕಿ ಮನೆಗೆ ಹೋದವರು ಶೇ 80.2. ಸಾಮಾನ್ಯ ಡೋಸಿನವರಲ್ಲಿ ಶೇ 76.4. ದೊಡ್ಡ ರಕ್ತಸ್ರಾವ ಶೇ 0.9ರಿಂದ 1.9ಕ್ಕೆ ಏರಿತು. ಐಸಿಯುನಲ್ಲಿದ್ದ 1,098 ಜನರಲ್ಲಿ ಮಾತ್ರ ಕಥೆ ಬೇರೆ. ಚಿಕಿತ್ಸೆಯ ಡೋಸ್ ಪಡೆದವರಲ್ಲಿ ಬದುಕಿ ಹೊರಬಂದವರು ಶೇ 62.7, ಸಾಮಾನ್ಯ ಡೋಸಿನವರಲ್ಲಿ 64.5. ರಕ್ತಸ್ರಾವ ಮಾತ್ರ ಜಾಸ್ತಿ. ಐಸಿಯು ಹೊತ್ತಿಗೆ ಶ್ವಾಸಕೋಶದ ಸಣ್ಣ ಸಣ್ಣ ನಾಳಗಳಲ್ಲಿ ಹಾನಿ ಆಗಿಹೋಗಿರುತ್ತದೆ, ಆಮೇಲೆ ಡೋಸ್ ಏರಿಸಿ ಫಲವಿಲ್ಲ ಅನ್ನುವುದು ಒಂದು ವಿವರಣೆ.

ಹಾಗಾಗಿ ಐಸಿಯು ಹೊರಗೆ ನಿಂತು "ಯಾಕೆ ಕಡಿಮೆ ಡೋಸ್ ಕೊಡ್ತಿದೀರಿ" ಅಂತ ಜಗಳ ಮಾಡಬೇಡಿ. ಹೆಪ್ಪು ಸಿಗದ ತನಕ ಅಲ್ಲಿ ತಡೆಯುವ ಡೋಸೇ ಸರಿ. ವಾರ್ಡಿನಲ್ಲಿ ಆಕ್ಸಿಜನ್ ಮೇಲಿದ್ದು, ರಕ್ತ ಸೋರುವ ಅಪಾಯ ಕಡಿಮೆ ಇರುವವರ ಮನೆಯವರು "ಚಿಕಿತ್ಸೆಯ ಡೋಸ್ ಆಗುತ್ತದಾ?" ಅಂತ ಕೇಳುವುದರಲ್ಲಿ ಅರ್ಥವಿದೆ.

ಇಂಜೆಕ್ಷನ್ ಬದಲು ಮಾತ್ರೆಯಲ್ಲೇ ಮುಗಿಸಬಹುದಲ್ವಾ ಅಂತ ಕೇಳುವವರಿದ್ದಾರೆ. ಬ್ರೆಜಿಲ್‌ನಲ್ಲಿ ಡಿ-ಡೈಮರ್ ಏರಿದ್ದ ರೋಗಿಗಳಿಗೆ ರಿವರೊಕ್ಸಾಬಾನ್ ಚಿಕಿತ್ಸೆಯ ಡೋಸಿನಲ್ಲಿ ಕೊಟ್ಟು ನೋಡಿದರು. ಲಾಭ ಕಾಣಲಿಲ್ಲ. ದೊಡ್ಡದೂ, ವೈದ್ಯರು ಗಮನ ಕೊಡಬೇಕಾದ ಸಣ್ಣದೂ ಸೇರಿ ರಕ್ತಸ್ರಾವ ಶೇ 2 ಇದ್ದದ್ದು 8 ಆಯಿತು. ಆಸ್ಪತ್ರೆಯಲ್ಲಿ ಇರುವಷ್ಟು ದಿನ ಇಂಜೆಕ್ಷನ್ನೇ ಇರಲಿ.

ಡಿಸ್ಚಾರ್ಜ್ ಆದ ಮೇಲೆ

ಇಲ್ಲಿ ಅಧ್ಯಯನಗಳೇ ಎರಡು ಕಡೆ ನಿಲ್ಲುತ್ತವೆ. ಬ್ರೆಜಿಲ್‌ನಲ್ಲಿ ಅಪಾಯ ಜಾಸ್ತಿ ಇದ್ದ 320 ಜನರನ್ನು ಆರಿಸಿ, ಅರ್ಧದಷ್ಟು ಜನರಿಗೆ 35 ದಿನ ರಿವರೊಕ್ಸಾಬಾನ್ 10 ಮಿ.ಗ್ರಾಂ. ಕೊಟ್ಟರು. ಹೆಪ್ಪಿನ ಅನಾಹುತ ಶೇ 9 ಇದ್ದದ್ದು 3ಕ್ಕೆ ಇಳಿಯಿತು. ಅಮೆರಿಕದಲ್ಲಿ 1,217 ಜನರಲ್ಲಿ ಅಪಿಕ್ಸಾಬಾನ್ 2.5 ಮಿ.ಗ್ರಾಂ. ದಿನಕ್ಕೆರಡು ಸಲ, 30 ದಿನ ನೋಡಿದಾಗ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ನಾನು ಇದನ್ನು ಹೀಗೆ ಓದುತ್ತೇನೆ. ಎಲ್ಲರಿಗೂ ಬೇಡ. ಹಿಂದೊಮ್ಮೆ ಹೆಪ್ಪು ಆಗಿದ್ದವರು, ಕ್ಯಾನ್ಸರ್ ಇರುವವರು, ಐಸಿಯುನಿಂದ ಬಂದು ಮನೆಯಲ್ಲೂ ಹಾಸಿಗೆ ಬಿಟ್ಟು ಏಳದವರು, ಡಿ-ಡೈಮರ್ ತೀರಾ ಮೇಲಿದ್ದವರು – ಇವರಿಗೆ ಒಂದು ತಿಂಗಳ ತಡೆಯುವ ಡೋಸ್ ಬಗ್ಗೆ ವೈದ್ಯರು ಯೋಚಿಸಬಹುದು. ಆ ಹುಡುಗನ ಅಮ್ಮನಿಗೆ ಕೊಟ್ಟಿದ್ದು ಇದನ್ನೇ. ಮನೆಗೆ ಬಂದು ಅಂಗಳದಲ್ಲಿ ಓಡಾಡುವವರಿಗೆ ಏನೂ ಬೇಕಿಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಹೋಗುವ ಪ್ರಯಾಣವನ್ನು ಸ್ವಲ್ಪ ದಿನ ಮುಂದಕ್ಕೆ ಹಾಕಿದರೆ ಸಾಕು.

ಹೆಪ್ಪು ಸಿಕ್ಕಿದೆ: ಹಳೆ ಮಾತ್ರೆಯೋ, ಹೊಸ ಮಾತ್ರೆಯೋ

ಡಾಪ್ಲರ್ ಸ್ಕ್ಯಾನಿನಲ್ಲಿ ಕಾಲಿನ ಹೆಪ್ಪೋ, ಸಿಟಿ ಸ್ಕ್ಯಾನಿನಲ್ಲಿ ಶ್ವಾಸಕೋಶದ ಹೆಪ್ಪೋ ಕಂಡರೆ ಮಾತ್ರೆ ಬೇಕಾ ಬೇಡವಾ ಅನ್ನುವ ಪ್ರಶ್ನೆ ಮುಗಿಯಿತು. ಚಿಕಿತ್ಸೆಯ ಡೋಸ್ ಬೇಕೇ ಬೇಕು. ಜ್ವರದಂಥ ಬಂದು ಹೋಗುವ ಕಾರಣದಿಂದ ಆದ ಹೆಪ್ಪಿಗೆ ಸಾಮಾನ್ಯವಾಗಿ ಮೂರು ತಿಂಗಳು. ಈ ಮೂರು ತಿಂಗಳು ಯಾವುದರ ಜೊತೆ ಬಾಳುವುದು ಅನ್ನುವುದೇ ಈಗಿನ ಪ್ರಶ್ನೆ.

ಹಳೆಯ ದಾರಿ ವಾರ್ಫರಿನ್, ಅಥವಾ ಅದೇ ಗುಂಪಿನ, ನಮ್ಮಲ್ಲಿ ಜಾಸ್ತಿ ಬರೆಯುವ ಅಸಿಟ್ರೋಮ್. ಕೊಳೆತ ಹುಲ್ಲು ತಿಂದ ದನಗಳು ರಕ್ತ ಸುರಿದು ಸಾಯುತ್ತಿದ್ದುದನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಬೆನ್ನುಹತ್ತಿ ಹೋದಾಗ ಸಿಕ್ಕ ವಸ್ತುವಿನಿಂದ ಬಂದದ್ದು ವಾರ್ಫರಿನ್. ಮೊದಲು ಇಲಿ ಪಾಷಾಣವಾಗಿ ಮಾರಿದರು, 1954ರಿಂದ ಮನುಷ್ಯರಿಗೆ ಔಷಧಿಯಾಯಿತು. ಇದು ವಿಟಮಿನ್ ಕೆ ಕೆಲಸವನ್ನು ತಡೆಯುತ್ತದೆ. ಕೆಲಸ ಶುರುವಾಗಲು ಹಲವು ದಿನ ಬೇಕು. ಅಲ್ಲಿಯವರೆಗೆ, ಕನಿಷ್ಠ ಐದು ದಿನ, ಜೊತೆಗೆ ಇಂಜೆಕ್ಷನ್ ಬೇಕು. ಐಎನ್‌ಆರ್ ಅನ್ನುವ ರಕ್ತ ಪರೀಕ್ಷೆ 2ರಿಂದ 3ರ ನಡುವೆ ನಿಲ್ಲಬೇಕು. ಎರಡಕ್ಕಿಂತ ಕೆಳಗೆ ಬಂದರೆ ಹೆಪ್ಪು, ಮೂರಕ್ಕಿಂತ ಜಾಸ್ತಿ ಮೇಲೆ ಹೋದರೆ ರಕ್ತಸ್ರಾವ.

ಅದನ್ನು ಅಲುಗಾಡಿಸುವುದು ನಮ್ಮ ಊಟ. ಸೊಪ್ಪಿನಲ್ಲಿ ವಿಟಮಿನ್ ಕೆ ಹೇರಳ. ನಮ್ಮ ಕಡೆ ಮುದ್ದೆಗೆ ಸೊಪ್ಪಿನ ಬಸ್ಸಾರು ಇಲ್ಲದ ವಾರ ಇಲ್ಲ. ಚೀಟಿಯಲ್ಲಿ "ಸೊಪ್ಪು ತಿನ್ನಬೇಡಿ" ಅಂತ ಬರೆದದ್ದನ್ನು ನೋಡಿ ಪೂರ್ತಿ ಬಿಟ್ಟುಬಿಡುತ್ತಾರೆ. ಡೋಸ್ ಆ ಊಟಕ್ಕೆ ಹೊಂದಿಕೊಳ್ಳುತ್ತದೆ. ಆಮೇಲೆ ಮಳೆ ಬಂದು ಹಿತ್ತಲಲ್ಲಿ ನುಗ್ಗೆ ಸೊಪ್ಪು ಚಿಗುರಿದಾಗ ನಾಲ್ಕು ದಿನ ಬಿಡದೆ ತಿನ್ನುತ್ತಾರೆ. ಐಎನ್‌ಆರ್ ಬಿದ್ದುಹೋಗುತ್ತದೆ. ಸೊಪ್ಪು ಬಿಡುವುದು ಬೇಡ. ವಾರಕ್ಕೆ ಎರಡು ಸಲ ತಿನ್ನುತ್ತಿದ್ದರೆ ಎರಡು ಸಲವೇ ತಿನ್ನಿ. ಅಳತೆ ಒಂದೇ ಇರಲಿ, ಅಷ್ಟೇ.

ಹೊಸ ಮಾತ್ರೆಗಳು ಅಂದರೆ ಅಪಿಕ್ಸಾಬಾನ್, ರಿವರೊಕ್ಸಾಬಾನ್, ಡಾಬಿಗಾಟ್ರಾನ್. ಇವಕ್ಕೆ ಐಎನ್‌ಆರ್ ಬೇಡ, ಸೊಪ್ಪಿನ ಲೆಕ್ಕ ಬೇಡ. ಅಪಿಕ್ಸಾಬಾನ್, ರಿವರೊಕ್ಸಾಬಾನ್ ನುಂಗಿದ ಕೆಲವೇ ಗಂಟೆಗಳಲ್ಲಿ ಕೆಲಸ ಶುರು, ಜೊತೆಗೆ ಇಂಜೆಕ್ಷನ್ನೂ ಬೇಡ. ಡಾಬಿಗಾಟ್ರಾನ್‌ಗೆ ಮಾತ್ರ ಮೊದಲ ಐದು ದಿನವಾದರೂ ಇಂಜೆಕ್ಷನ್ ಆಗಿರಬೇಕು. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐದು ಸಾವಿರಕ್ಕೂ ಜಾಸ್ತಿ ಹೆಪ್ಪಿನ ರೋಗಿಗಳಲ್ಲಿ ಅಪಿಕ್ಸಾಬಾನನ್ನು ವಾರ್ಫರಿನ್ ಜೊತೆ ಹೋಲಿಸಿದರು. ಹೆಪ್ಪು ಮರುಕಳಿಸುವುದನ್ನು ಎರಡೂ ಒಂದೇ ರೀತಿ ತಡೆದವು. ದೊಡ್ಡ ರಕ್ತಸ್ರಾವ ಮಾತ್ರ ವಾರ್ಫರಿನ್‌ನಲ್ಲಿ ಶೇ 1.8, ಅಪಿಕ್ಸಾಬಾನ್‌ನಲ್ಲಿ 0.6. ಹೆಚ್ಚಿನವರಿಗೆ ನಾನು ಹೊಸ ಮಾತ್ರೆಯ ಕಡೆ ವಾಲುವುದು ಇದಕ್ಕೇ.

ಅವಕ್ಕೂ ಅವುಗಳದೇ ಶಿಸ್ತಿದೆ. ಚಿಕಿತ್ಸೆಯ ಶುರುವಿನಲ್ಲಿ ಡೋಸ್ ದೊಡ್ಡದು: ಅಪಿಕ್ಸಾಬಾನ್ ಏಳು ದಿನ 10 ಮಿ.ಗ್ರಾಂ. ಎರಡು ಸಲ, ಆಮೇಲೆ 5 ಎರಡು ಸಲ. ರಿವರೊಕ್ಸಾಬಾನ್ 21 ದಿನ 15 ಮಿ.ಗ್ರಾಂ. ಎರಡು ಸಲ, ಆಮೇಲೆ 20 ಒಂದು ಸಲ. ಈ ಬದಲಾವಣೆಯ ದಿನ ಮರೆತು ಹಳೇ ಡೋಸ್ ಮುಂದುವರಿಸಿದವರನ್ನು ನಾನು ನೋಡಿದ್ದೇನೆ. ರಿವರೊಕ್ಸಾಬಾನ್ 15 ಮತ್ತು 20ನ್ನು ಹೊಟ್ಟೆ ತುಂಬ ಊಟದ ಜೊತೆಯೇ ನುಂಗಬೇಕು, ಬರೀ ಕಾಫಿಯ ಜೊತೆ ನುಂಗಿದರೆ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಡಾಬಿಗಾಟ್ರಾನ್ ಕ್ಯಾಪ್ಸೂಲನ್ನು ಬಿಚ್ಚಿ ಪುಡಿ ನುಂಗಬಾರದು, ಬೇರೆ ಡಬ್ಬಿಗೂ ಹಾಕಿಡಬಾರದು. ಮತ್ತೆ, ಇವುಗಳ ಪ್ರಭಾವ ಒಂದು ದಿನದಲ್ಲೇ ಇಳಿಯುತ್ತದೆ. ಮಾತ್ರೆ ಮರೆಯುವವರಿಗೆ ಇದು ದೊಡ್ಡ ಕೊರತೆ. ದಿನಕ್ಕೆ ಎರಡು ಸಲ ನೆನಪಿರುವುದಿಲ್ಲ ಅನ್ನುವವರು ಅದನ್ನು ವೈದ್ಯರಿಗೆ ನೇರವಾಗಿ ಹೇಳಲಿ. ಒಂದು ಸಲದ ಮಾತ್ರೆಯೇ ಅವರಿಗೆ ವಾಸಿ.

ದುಡ್ಡಿನ ಮಾತಿಗೆ ಬರೋಣ. ಮಾತ್ರೆಯ ಬೆಲೆ ಮಾತ್ರ ನೋಡಿದರೆ ಹಳೆಯದೇ ಅಗ್ಗ. ಆದರೆ ಚಳ್ಳಕೆರೆ ಕಡೆಯ ಹಳ್ಳಿಯೊಂದರ ಅಜ್ಜ ಒಬ್ಬರು ಐಎನ್‌ಆರ್‌ಗೆ ಚಿತ್ರದುರ್ಗಕ್ಕೆ ಹೋಗಿ ಬರುತ್ತಿದ್ದರು. ಶುರುವಿನಲ್ಲಿ ವಾರಕ್ಕೆ ಎರಡು ಸಲ. ಪ್ರತಿ ಸಲವೂ ಮಗ ಕೂಲಿ ಬಿಟ್ಟು ಜೊತೆಗೆ ಬರಬೇಕು. ಅಂಗಡಿಯ ಬೆಂಚಿನ ಮೇಲೆ ಕೂತು ನಾವು ಮೂವರೂ ಲೆಕ್ಕ ಹಾಕಿದೆವು. ಪರೀಕ್ಷೆಯ ಹಣ, ಇಬ್ಬರ ಬಸ್ ಚಾರ್ಜು, ಮಗನ ಕೂಲಿ, ಮಧ್ಯಾಹ್ನದ ಊಟ. ಮೂರು ತಿಂಗಳಿಗೆ ಹೊಸ ಮಾತ್ರೆಯೇ ಅಗ್ಗವಾಯಿತು! ಚೀಟಿಯ ಹಿಂದೆ ಬರೆದ ಆ ಲೆಕ್ಕವನ್ನೇ ಅಜ್ಜ ವೈದ್ಯರಿಗೆ ತೋರಿಸಿದರು, ಅವರು ಬದಲಾಯಿಸಿ ಕೊಟ್ಟರು. ಪೇಟೆಯಲ್ಲೇ ಇದ್ದು, ಮನೆ ಪಕ್ಕದಲ್ಲೇ ಲ್ಯಾಬ್ ಇರುವವರಿಗೆ ಲೆಕ್ಕ ತಿರುಗಬಹುದು. ಪೇಟೆಂಟ್ ಮುಗಿದ ಮೇಲೆ ಹಲವು ಭಾರತೀಯ ಕಂಪನಿಗಳು ಈ ಮಾತ್ರೆ ಮಾಡುತ್ತಿವೆ, ಒಂದಕ್ಕೂ ಇನ್ನೊಂದಕ್ಕೂ ಬೆಲೆಯಲ್ಲಿ ಬಹಳ ಅಂತರ. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ. ಒಟ್ಟು ಮೂರು ತಿಂಗಳಿಗೆ ಎಷ್ಟಾಗುತ್ತದೆ ಅಂತ ಮೊದಲೇ ಕೇಳಿ. ದುಡ್ಡಿಲ್ಲದೆ ಹೊಸ ಮಾತ್ರೆಯನ್ನು ಮಧ್ಯದಲ್ಲಿ ಬಿಡುವುದಕ್ಕಿಂತ ಅಸಿಟ್ರೋಮ್ ಸರಿಯಾಗಿ ನುಂಗುವುದು ಎಷ್ಟೋ ಮೇಲು.

ಕೆಲವರಿಗೆ ಆಯ್ಕೆಯೇ ಇಲ್ಲ

ಬಸುರಿಯರಿಗೆ ವಾರ್ಫರಿನ್ ಮಗುವಿಗೆ ಹಾನಿ ಮಾಡಬಹುದು, ಹೊಸ ಮಾತ್ರೆಗಳೂ ಬೇಡ. ಎನೋಕ್ಸಾಪರಿನ್ ಇಂಜೆಕ್ಷನ್ನೇ. ಏಳು ತಿಂಗಳ ಬಸುರಿಯೊಬ್ಬಳು ಸಿರಿಂಜ್ ಕೈಯಲ್ಲಿ ಹಿಡಿದು ಅಳುತ್ತಾ ಕೂತಿದ್ದಳು. ಅವಳ ವೈದ್ಯರು ಜಾಗ ತೋರಿಸಿದ್ದರು, ಕೈ ಮಾತ್ರ ನಡುಗುತ್ತಿತ್ತು. ಹೊಕ್ಕುಳಿಂದ ಎರಡು ಇಂಚು ದೂರ ಬಿಡಬೇಕು. ಚರ್ಮವನ್ನು ಎರಡು ಬೆರಳಲ್ಲಿ ಹಿಡಿದು ಎತ್ತಬೇಕು. ಸೂಜಿ ನೇರವಾಗಿ ಪೂರ್ತಿ ಒಳಗೆ. ಸಿರಿಂಜಿನ ಗಾಳಿಗುಳ್ಳೆ ತೆಗೆಯುವುದು ಬೇಡ. ಆದ ಮೇಲೆ ಉಜ್ಜಬಾರದು, ಉಜ್ಜಿದರೆ ಕಪ್ಪಾಗುತ್ತದೆ. ಇವತ್ತು ಎಡಗಡೆ, ನಾಳೆ ಬಲಗಡೆ. ಮೂರನೇ ದಿನಕ್ಕೆ ಅವಳೇ ಫೋನ್ ಮಾಡಿದಳು, "ಅಕ್ಕಾ, ಅತ್ತೆ ಕಣ್ಣು ಮುಚ್ಕೊಂಡ್ರು, ನಾನೇ ಹಾಕ್ಕೊಂಡೆ."

ಲೋಹದ ಹೃದಯ ಕವಾಟ ಇರುವವರಿಗೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರ, ಹೊಸ ಮಾತ್ರೆ ಖಂಡಿತ ಬೇಡ. ಇವರಿಗೆ ಜ್ವರ ಬಂದು ಊಟ ಬಿಟ್ಟರೆ, ಆಂಟಿಬಯಾಟಿಕ್ ಶುರುವಾದರೆ ಐಎನ್‌ಆರ್ ಏರಬಹುದು, ಬೇಗ ಪರೀಕ್ಷೆ ಮಾಡಿಸಬೇಕು. ಕಿಡ್ನಿ ಬಹಳ ಕೆಟ್ಟವರಿಗೆ ಡಾಬಿಗಾಟ್ರಾನ್ ಆಗದು, ಅದರ ಸುಮಾರು ಶೇ 80 ಭಾಗ ಕಿಡ್ನಿಯಿಂದಲೇ ಹೋಗಬೇಕು. ಅಪಿಕ್ಸಾಬಾನ್‌ನಲ್ಲಿ ಅದು ಸುಮಾರು ಶೇ 27. ಟಿಬಿಗೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಾಜೆಪಿನ್ ನುಂಗುವವರಲ್ಲಿ ಹೊಸ ಮಾತ್ರೆಗಳ ಶಕ್ತಿ ಕುಂದುತ್ತದೆ. ರಿಟೊನಾವಿರ್ ಇರುವ ಕೋವಿಡ್ ಮಾತ್ರೆ ಸೇರಿದರೆ ಅಪಿಕ್ಸಾಬಾನ್, ರಿವರೊಕ್ಸಾಬಾನ್ ಪ್ರಮಾಣ ರಕ್ತದಲ್ಲಿ ಏರುತ್ತದೆ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನೋವಿನ ಮಾತ್ರೆ. ನಮ್ಮ ಮಾವನವರಿಗೆ ಫ್ಲೂ ಆದ ಮೇಲೆ ಕಾಲಲ್ಲಿ ಹೆಪ್ಪಾಗಿ ಅಸಿಟ್ರೋಮ್ ನಡೆಯುತ್ತಿತ್ತು. ಮಂಡಿ ನೋವು ಅಂತ ಬೇರೆ ಊರಿನ ಅಂಗಡಿಯೊಂದರಲ್ಲಿ ಡೈಕ್ಲೊಫೆನಾಕ್ ತೆಗೆದುಕೊಂಡು ನಾಲ್ಕು ದಿನ ನುಂಗಿದ್ದರು. ಯಾರಿಗೂ ಹೇಳಿರಲಿಲ್ಲ. ಐದನೇ ದಿನ ಬೆಳಗ್ಗೆ ಬಚ್ಚಲಿಂದ ಗೋಡೆ ಹಿಡಿದುಕೊಂಡು ಹೊರಗೆ ಬಂದರು. ಮಲ ಟಾರಿನಂತೆ ಕಪ್ಪಾಗಿತ್ತು. ಎರಡು ಬಾಟಲಿ ರಕ್ತ ಕೊಡಬೇಕಾಯಿತು. ಅವರು ಉಳಿದರು. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೊಫೆನಾಕ್, ಐಬುಪ್ರೊಫೆನ್, ಅಂಗಡಿಯವರು ಕೈಗೆ ಕೊಡುವ "ಮೈಕೈ ನೋವಿನ ಮಾತ್ರೆ" – ಯಾವುದೂ ಬೇಡ.

ಚೀಟಿಯ ಮೇಲೆ ಬರೆಸಿಕೊಳ್ಳಿ

ವೈದ್ಯರ ಮುಂದಿಂದ ಏಳುವ ಮೊದಲು ಮೂರು ಮಾತು ಕೇಳಿ, ಬರೆಸಿಕೊಳ್ಳಿ. ಇದು ತಡೆಗೋ, ಚಿಕಿತ್ಸೆಗೋ? ಯಾವ ತಾರೀಖಿಗೆ ಡೋಸ್ ಬದಲು, ಯಾವ ತಾರೀಖಿಗೆ ನಿಲ್ಲಿಸುವುದು? ಕ್ರಿಯಾಟಿನಿನ್, ಪ್ಲೇಟ್‌ಲೆಟ್ ಮತ್ತೆ ಯಾವಾಗ? ತಾರೀಖು ಇಲ್ಲದ ಚೀಟಿ ಹಿಡಿದು ವರ್ಷಗಟ್ಟಲೆ ನುಂಗುತ್ತಾ ಹೋದವರಿದ್ದಾರೆ, ಹತ್ತೇ ದಿನಕ್ಕೆ ಬಿಟ್ಟವರೂ ಇದ್ದಾರೆ.

ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ. ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕಫದಲ್ಲಿ ರಕ್ತ ಬಂದರೆ, ತಲೆಸುತ್ತಿ ಬಿದ್ದರೆ, ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ. ಮಾತ್ರೆ ನುಂಗುತ್ತಿರುವವರು ತಲೆಗೆ ಪೆಟ್ಟು ಮಾಡಿಕೊಂಡರೆ ಹೊರಗೆ ಗಾಯ ಕಾಣದಿದ್ದರೂ ಹೋಗಲೇಬೇಕು. ಹೋಗುವಾಗ ಮಾತ್ರೆಯ ಸ್ಟ್ರಿಪ್ ಜೇಬಿನಲ್ಲಿರಲಿ.

ಆ ಹುಡುಗನಿಗೆ ಅವತ್ತು ಹತ್ತರದ್ದನ್ನೇ ಕೊಟ್ಟೆ. ಮೂವತ್ತು ಮಾತ್ರೆ ಎಣಿಸಿ, ಕೊನೆಯ ತಾರೀಖನ್ನು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದೆ. ಜುಲೈ ತಿಂಗಳಲ್ಲಿ ಅಮ್ಮನನ್ನೇ ಜೊತೆಗೆ ಕರೆದುಕೊಂಡು ಬಂದ. ಎರಡು ಮಾತ್ರೆ ಮರೆತು ಉಳಿದಿದ್ದವು. "ಇಟ್ಕೊಂಡಿರ್ಲಾ ಅಕ್ಕಾ, ಅಪ್ಪನಿಗೆ ಬೇಕಾದ್ರೆ?" ಅಂದ. ನಾನು ಕೈ ಚಾಚಿದೆ. ಅವನ ಅಮ್ಮನೇ ಸ್ಟ್ರಿಪ್ ಕಿತ್ತುಕೊಂಡು ನನ್ನ ಕೈಗೆ ಹಾಕಿದರು.